ನರ್ಸಬಾಯಿಯ ಕಾರಭಾರ

ವಯಸ್ಸಾದ ಮೇಲೆ ಗಂಡಸು ಒಪ್ಪಿಕೊಳ್ಳಲೇಬೇಕಾದ ಸಂಗತಿಗಳು ಕೆಲವಿವೆ. ಹಲ್ಲು ಅಲುಗಾಡುವುದು, ಕಿವಿ ಮಂದವಾಗುವುದು, ಕನ್ನಡಕವನ್ನು ಹಣೆಯ ಮೇಲಿಟ್ಟುಕೊಂಡೇ ಮನೆಯೆಲ್ಲ ಹುಡುಕುವುದು, ಇವನ್ನೆಲ್ಲ ನಾನು ಹೆಚ್ಚು ತಕರಾರಿಲ್ಲದೆ ಒಪ್ಪಿಕೊಂಡಿದ್ದೇನೆ. ಒಂದನ್ನು ಒಪ್ಪಲು ಮಾತ್ರ ಬಹಳ ದಿನ ಹಿಡಿಯಿತು. ನಮ್ಮ ಮನೆಯ ಯಜಮಾನ ನಾನೇ ಎಂದು ಮೂವತ್ತೆಂಟು ವರ್ಷ ನಂಬಿಕೊಂಡಿದ್ದೆನಲ್ಲ, ಅದು ಶುದ್ಧ ಸುಳ್ಳು. ನನ್ನ ಹೆಂಡತಿ ನೀಲವ್ವನಿಗೆ ಇದು ಮೊದಲಿನಿಂದ ಗೊತ್ತಿತ್ತು, ಪಾಪ, ಸುಮ್ಮನಿದ್ದಳು. ಬಯಲು ಮಾಡಿದವರು ಬಿಳಿ ಸೀರೆಯುಟ್ಟು, ಕಂಕುಳಲ್ಲಿ ಕೊಡೆ ಸಿಗಿಸಿಕೊಂಡು ನಮ್ಮ ಮನೆಗೆ ಬಂದ ಸರಕಾರಿ ದವಾಖಾನೆಯ ನರ್ಸು ಸುಶೀಲಾಬಾಯಿ. ಊರೆಲ್ಲ ಅವರನ್ನು ಕರೆಯುತ್ತಿದ್ದುದು ನರ್ಸಬಾಯಿ ಎಂದೇ.

ನಾನು ದಾಂಡೇಲಿಯ ಕಟ್ಟಿಗೆ ಡಿಪೋದಲ್ಲಿ ಹೆಡ್ ಗುಮಾಸ್ತನಾಗಿದ್ದು ನಿವೃತ್ತನಾದವನು. ಹುಟ್ಟಿದ್ದು ಧಾರವಾಡದ ಕಡೆಯಾದರೂ ಸಾಗವಾನಿಯ ವಾಸನೆಗೆ ಮೂಗು ಒಗ್ಗಿಹೋಗಿ, ಪೆನ್ಶನ್ನು ಬಂದ ಮೇಲೂ ಡಿಪೋದ ಹಿಂದಿನ ಓಣಿಯ ಬಾಡಿಗೆ ಮನೆಯಲ್ಲೇ ಉಳಿದೆವು. ನನ್ನ ಕಾಲದಲ್ಲಿ ದಿಮ್ಮಿಯ ತುದಿಗೆ ಹೊಡೆದ ಗುರುತು ನೋಡಿ ಅದು ಜೊಯಿಡಾ ಕಡೆಯ ಕಾಡಿನದೋ ಹಳಿಯಾಳ ಕಡೆಯದೋ ಹೇಳುತ್ತಿದ್ದೆ. ಎಷ್ಟು ಸಾವಿರ ತುಂಡುಗಳಿದ್ದರೂ ಯಾವುದು ಯಾವ ಸಾಲಿನಲ್ಲಿದೆ ಎಂದು ಕುರ್ಚಿ ಬಿಟ್ಟೇಳದೆ ಹೇಳುತ್ತಿದ್ದೆ. ಆದರೆ ನಮ್ಮ ಅಡಿಗೆಮನೆಯಲ್ಲಿದ್ದ ಹನ್ನೊಂದು ಡಬ್ಬಿಗಳಲ್ಲಿ ಸಾಸಿವೆ ಯಾವುದರಲ್ಲಿದೆ ಎಂದು ಕೇಳಿದ್ದರೆ ನಾನು ಮೇಲಧಿಕಾರಿಗಳಿಗೆ ಪತ್ರ ಬರೆದು ಕೇಳಬೇಕಾಗುತ್ತಿತ್ತು. ಆ ಅಧಿಕಾರಿ ಒಲೆಯ ಮುಂದೆ ಕೂತಿರುತ್ತಿದ್ದಳು, ಕರೆದರೆ ಸಾಕಾಗಿತ್ತು, ಹಾಗಾಗಿ ತೊಂದರೆ ಬಂದಿರಲಿಲ್ಲ.

ತೊಂದರೆ ಬಂದದ್ದು ಒಂದು ಮುಂಜಾನೆ. ನೀಲವ್ವ ರೊಟ್ಟಿ ಬಡಿಯುತ್ತಿದ್ದಳು. ಆ ಸಪ್ಪಳ ನನಗೆ ಎಷ್ಟು ರೂಢಿಯಾಗಿತ್ತೆಂದರೆ ಅದು ಇದ್ದಾಗ ಎಂದೂ ಕೇಳಿಸುತ್ತಿರಲಿಲ್ಲ, ನಿಂತಾಗ ಕೇಳಿಸಿತು. ಹೋಗಿ ನೋಡಿದರೆ ಅವಳು ಗೋಡೆಗೆ ಆನಿಕೊಂಡಿದ್ದಳು, ಎಡಗೈ ಹಿಟ್ಟಿನೊಳಗೇ ಬಿದ್ದಿತ್ತು. “ಈ ಕೈ ನಂದಲ್ಲೇನೋ ಅನಸಾಕ ಹತ್ತೈತ್ರಿ” ಎಂದಳು. ಲಕ್ವಾ. ಎಡಗೈ, ಎಡಗಾಲು ಎರಡೂ ಹೋಗಿದ್ದವು, ದೇವರ ದಯೆಯಿಂದ ಮಾತು ಉಳಿದಿತ್ತು. ಹನ್ನೆರಡು ದಿನ ದವಾಖಾನೆಯಲ್ಲಿಟ್ಟುಕೊಂಡ ಡಾಕ್ಟರು, ಔಷಧದಿಂದ ಆಗುವುದು ಇಷ್ಟೇ, ಇನ್ನು ಆಗಬೇಕಾದದ್ದೆಲ್ಲ ಮನೆಯಲ್ಲಿ, ನರ್ಸಬಾಯಿಯನ್ನು ಕಳಿಸುತ್ತೇನೆ, ಅವರು ಹೇಳಿದ ಹಾಗೆ ಕೇಳಿ ಎಂದು ಮನೆಗೆ ಕಳಿಸಿಕೊಟ್ಟರು. ನಮ್ಮ ಒಬ್ಬಳೇ ಮಗಳು ಗದುಗಿನಲ್ಲಿ ಹಸಿ ಬಾಣಂತಿ, ಬರುವ ಹಾಗಿರಲಿಲ್ಲ. ಮನೆಯಲ್ಲಿ ನಾನು, ನೀಲವ್ವ, ಮುಂಜಾನೆ ಬಂದು ಪಾತ್ರೆ ತೊಳೆದು ಹೋಗುವ ಒಬ್ಬ ಹೆಂಗಸು, ಅಷ್ಟೇ.

ಮೊದಲ ಎರಡು ದಿನ ನೋಡಲು ಬಂದವರೇ ಬಂದವರು. ಒಬ್ಬರು ಎಣ್ಣೆಯ ಹೆಸರು ಹೇಳಿದರು, ಇನ್ನೊಬ್ಬರು ಯಾವುದೋ ಹಳ್ಳಿಯಲ್ಲಿ ಬೇರು ಕೊಡುವವನ ವಿಳಾಸ ಕೊಟ್ಟರು. ಮೂರನೆಯವರು ಮಂಚದ ಪಕ್ಕದಲ್ಲೇ ನಿಂತು, “ಲಕ್ವಾ ಹೊಡದವರು ಎದ್ದಿದ್ದು ನಾ ಅಂತೂ ನೋಡಿಲ್ರಿ, ಇನ್ನ ಇದ್ದಷ್ಟು ದಿನ ಸುಖದಾಗ ಇಡ್ರಿ” ಎಂದು ನನಗೆ ಸಮಾಧಾನ ಹೇಳಿದರು. ಹಾಸಿಗೆಯಿಂದ ನೀಲವ್ವ, “ಕಿವಿಗೇನು ಲಕ್ವಾ ಹೊಡದಿಲ್ರಿ ನನಗ” ಎಂದಳು. ಅವರು ಚಹ ಕುಡಿಯದೆ ಹೋದರು. ಒಳ್ಳೆಯದೇ ಆಯಿತು, ಚಹದ ಪುಡಿ ನನಗೆ ಸಿಕ್ಕಿರಲಿಲ್ಲ.

ಮೂರನೆಯ ದಿನ ನರ್ಸಬಾಯಿ ಬಂದರು. ನಲವತ್ತೈದರ ಆಸುಪಾಸಿನ, ಗಿಡ್ಡಗಿನ, ಗಟ್ಟಿಮುಟ್ಟಾದ ಹೆಂಗಸು. ಚಪ್ಪಲಿ ಬಿಟ್ಟು, ಕೈ ತೊಳೆದು, ಸೆರಗು ಬಿಗಿದು, ಮಂಚದ ಹತ್ತಿರ ಹೋಗುವ ಮೊದಲು ನನ್ನ ಕಡೆ ತಿರುಗಿದರು.

“ಇಲ್ಲಿ ನೋಡಿಕೊಳ್ಳೂವರು ಯಾರ್ರಿ?”

“ನಾನ ಮನಿ ಯಜಮಾನ” ಎಂದೆ, ಎದೆ ಸ್ವಲ್ಪ ಮುಂದೆ ತಂದು.

“ಛಲೋ ಆತು. ಕಾಕು ನೀರು ಕುಡದು ಎಷ್ಟೊತ್ತಾತು?”

ಅವರಿಗೆ ನೀಲವ್ವ ಕಾಕು, ನಾನು ಕಾಕಾ. ನಾನು ನೀಲವ್ವನ ಮುಖ ನೋಡಿದೆ.

“ಆಕಿನ್ನ ನೋಡಬ್ಯಾಡ್ರಿ. ನೀವು ಹೇಳ್ರಿ, ಕಾಕಾರ.”

ನನಗೆ ಗೊತ್ತಿರಲಿಲ್ಲ. ಮುಂಜಾನೆಯಿಂದ ಎಷ್ಟು ಸಲ ಮಗ್ಗುಲು ಬದಲಿಸಿದ್ದೀರಿ ಎಂದು ಕೇಳಿದರು. ಇದಕ್ಕೆ ನನ್ನ ಹತ್ತಿರ ಒಳ್ಳೆಯ ಉತ್ತರವಿತ್ತು. “ಆಕಿಗೆ ತ್ರಾಸ ಆಗಬಾರದಂತ ಎರಡು ದಿನದಿಂದ ಒಮ್ಮೆನೂ ಅಲುಗಾಡಿಸಿಲ್ರಿ” ಎಂದೆ. ಹಸಿ ನೆಲದ ಮೇಲೆ ಸಾಗವಾನಿ ಒಟ್ಟಿದ ಗುತ್ತಿಗೆದಾರನನ್ನು ನಾನು ಡಿಪೋದಲ್ಲಿ ನೋಡುತ್ತಿದ್ದ ನೋಟವನ್ನು ಅವತ್ತು ಮೊದಲ ಸಲ ಬೇರೆಯವರ ಕಣ್ಣಲ್ಲಿ ಕಂಡೆ.

“ನಾ ಸೋಮವಾರ ಬರ್ತೇನಿ, ಗುರುವಾರ ಬರ್ತೇನಿ. ಇಪ್ಪತ್ತು ಮಿನಿಟು ಇರ್ತೇನಿ. ನನಗ ಇನ್ನೂ ಒಂಬತ್ತು ಮನಿ ಅದಾವ. ಉಳದ ಹೊತ್ತೆಲ್ಲ ಕಾಕುಗ ನರ್ಸು ನೀವು” ಎಂದರು.

“ನಾ ಗಂಡಸು ಅಲ್ರಿ?”

“ಅದು ನನಗೂ ಕಾಣಸ್ತೈತಿ. ಕೈ ಎರಡೂ ನೆಟ್ಟಗ ಅದಾವಲ್ಲ? ಸಾಕು, ಬರ್ರಿ ಇಲ್ಲೆ.”

ಲಕ್ವಾ ಹೊಡೆದ ಮೇಲೆ ನೀಲವ್ವ ಮೊದಲ ಸಲ ನಕ್ಕದ್ದು ಆಗ. ಅರ್ಧ ಮುಖದಲ್ಲಿ ಮಾತ್ರ ನಗು ಬಂತು. ಇನ್ನರ್ಧಕ್ಕೂ ಸೇರಿಸಿ ನಕ್ಕಂತೆ ನನಗೆ ಕಂಡಿತು.

ಅವತ್ತಿನಿಂದ ನನ್ನ ಎರಡನೆಯ ನೌಕರಿ ಶುರುವಾಯಿತು. ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಬೇಕು, ಮೈ ಒರೆಸಬೇಕು, ಬೆನ್ನು ನೋಡಬೇಕು, ಗಂಜಿ ಕುಡಿಸಬೇಕು, ಬಿದ್ದ ಕೈಕಾಲುಗಳನ್ನು ಲೆಕ್ಕ ಹಾಕಿ ಎತ್ತಿ ಇಳಿಸಬೇಕು. ಬೆಡ್‌ಪ್ಯಾನಿನ ವಿಷಯ ಬರೆಯಲು ಸಂಕೋಚವಾಗುತ್ತದೆ. ಮೊದಲ ಸಲ ನೀಲವ್ವ ಕಣ್ಣು ಮುಚ್ಚಿಕೊಂಡಳು, ನಾನೂ ಮುಚ್ಚಿಕೊಂಡೆ, ಪರಿಣಾಮವಾಗಿ ಹಾಸಿಗೆಯನ್ನೇ ಒಗೆಯಬೇಕಾಯಿತು. “ಇಬ್ಬರೊಳಗ ಒಬ್ಬರರೆ ಕಣ್ಣ ತಗದಿರಬೇಕ್ರಿ” ಎಂದಳು ಅವಳು. ಎರಡನೆಯ ಸಲದಿಂದ ನಾನು ತೆರೆದೆ.

ಮಗ್ಗುಲು ಬದಲಿಸುವ ಕೆಲಸ ಮೊದಲು ನನ್ನಿಂದ ಆಗಲೇ ಇಲ್ಲ. ಭುಜ ಹಿಡಿದು ಎಳೆದರೆ ಸೊಂಟ ಬರುತ್ತಿರಲಿಲ್ಲ, ಸೊಂಟ ಹಿಡಿದರೆ ಭುಜ ಅಲ್ಲೇ. ನರ್ಸಬಾಯಿ ಒಂದು ಹಳೆಯ ಚಾದರವನ್ನು ನಾಲ್ಕು ಮಡಿಕೆ ಮಾಡಿ ನೀಲವ್ವನ ಕೆಳಗೆ ಹಾಸಿ, ಅದರ ಅಂಚನ್ನು ಎರಡೂ ಕೈಯಲ್ಲಿ ಸುತ್ತಿ ಹಿಡಿದು, ಭುಜ ಸೊಂಟ ಎರಡೂ ಒಟ್ಟಿಗೆ ಬರುವ ಹಾಗೆ ಒಂದೇ ದಮ್ಮಿಗೆ ಎಳೆಯಿರಿ ಎಂದರು. ನನಗೆ ಥಟ್ಟನೆ ಹೊಳೆಯಿತು. ನಮ್ಮ ಹಮಾಲರು ದಿಮ್ಮಿ ಹೊರಳಿಸುತ್ತಿದ್ದುದು ಹೀಗೆಯೇ! ಎರಡೂ ತುದಿಗೆ ಹಗ್ಗ, ಒಬ್ಬನ ಕೂಗು, ಎಲ್ಲರ ಬಲ ಒಮ್ಮೆಗೇ. ಚಾದರ ಹಿಡಿದು, ಕಾಲು ಅಗಲಿಸಿ ನಿಂತು, ಅರಿವಿಲ್ಲದೆಯೇ “ಹೈ...ಸ್ಸಾ!” ಎಂದುಬಿಟ್ಟೆ. ನೀಲವ್ವ ಹೂವಿನ ಹಾಗೆ ಹೊರಳಿದಳು. ಹೊರಳಿದ ಮೇಲೆ ಗೋಡೆಗೆ ಮುಖ ಮಾಡಿಕೊಂಡೇ, “ನಾನೇನು ಸಾಗವಾನಿ ತುಂಡೇನ್ರಿ?” ಎಂದಳು.

ನರ್ಸಬಾಯಿ ಮಾತ್ರ ನಗಲಿಲ್ಲ. “ಬರೋಬ್ಬರಿ ಆತು. ದಿನಾ ಹಿಂಗ” ಎಂದು ಕೊಡೆ ಎತ್ತಿಕೊಂಡರು. ಮೂವತ್ತು ವರ್ಷದ ನೌಕರಿಯಲ್ಲಿ ಸಾಹೇಬರಿಂದ ಎಷ್ಟೋ ಸಲ ಶಭಾಸ್ ಎನ್ನಿಸಿಕೊಂಡಿದ್ದೇನೆ. ಈ ‘ಬರೋಬ್ಬರಿ’ಗೆ ಆದಷ್ಟು ಸಂತೋಷ ಯಾವುದಕ್ಕೂ ಆಗಿರಲಿಲ್ಲ.

ಹಾಗೆಂದು ನನಗೆ ಅವರ ಮೇಲೆ ಸಿಟ್ಟು ಇರಲಿಲ್ಲ ಎಂದಲ್ಲ. ದಿನವೂ ಇತ್ತು. ಅವರಿಗಿಂತ ನಾನು ಹದಿನೈದು ವರ್ಷಕ್ಕಾದರೂ ದೊಡ್ಡವನು. ಬೇಸಿನ್ನು ತೊಳೆದಿಲ್ಲವೆಂದು ಪಾತ್ರೆ ತೊಳೆಯುವ ಹೆಂಗಸಿನ ಎದುರಿಗೇ ಹೇಳುವುದೇ? ಈ ದುಃಖವನ್ನು ತೋಡಿಕೊಳ್ಳಲು ಎದುರು ಮನೆಗೆ ಹೋದೆ. ಅಲ್ಲಿ ಕಟ್ಟಿಗೆ ಲಾರಿಗಳ ರಿಪೇರಿ ಮಾಡುವ ಮೆಹಬೂಬಸಾಬರು, ಅವರ ವಯಸ್ಸಾದ ತಾಯಿ ಅಮ್ಮೀಜಾನ್ ಇದ್ದರು. ಹೋದ ವರ್ಷ ಅಮ್ಮೀಜಾನರ ಸೊಂಟ ಮುರಿದಾಗ ಅವರ ಮನೆಯಲ್ಲೂ ಇದೇ ನರ್ಸಬಾಯಿಯ ಆಳ್ವಿಕೆ ನಡೆದಿತ್ತು. ಅಮ್ಮೀಜಾನ್ ಬಾಗಿಲ ಪರದೆಯ ಹಿಂದಿನಿಂದ ನನ್ನ ದೂರನ್ನೆಲ್ಲ ಕೇಳಿದರು. “ಬೈತಾಳ ಗುಮಾಸ್ತಸಾಬ್, ಬಹಳ ಬೈತಾಳ. ನನಗೂ ಬೈದಾಳ, ನನ್ನ ಮಗನಿಗೂ ಬೈದಾಳ. ಲೇಕಿನ್ ಎಬ್ಬಸ್ತಾಳ” ಎಂದರು. ಹಾಗೆ ಹೇಳುವಾಗ, ಸೊಂಟ ಮುರಿದಿದ್ದ ಅವರು ಪರದೆ ಹಿಡಿದು ನಿಂತಿದ್ದರು. ನನಗೆ ಅದು ಮನೆಗೆ ವಾಪಸು ಬಂದ ಮೇಲೆ ಹೊಳೆಯಿತು.

ಒಂದು ತಿಂಗಳು ಹೀಗೆ ನಡೆಯಿತು. ನೀಲವ್ವನ ಕಾಲ ಹೆಬ್ಬೆರಳು ಒಂದು ದಿನ ಎಳ್ಳಷ್ಟು ಅಲುಗಿತು. ನಾನು ಓಣಿಗೆಲ್ಲ ಸಕ್ಕರೆ ಹಂಚಿದೆ. ಸಕ್ಕರೆಯ ಡಬ್ಬಿ ಅಷ್ಟರಲ್ಲಿ ಸಿಕ್ಕಿತ್ತು. ಆ ಹೊತ್ತಿಗೆ ಸರಿಯಾಗಿ ನರ್ಸಬಾಯಿಗೆ ಮುಂಡಗೋಡಿಗೆ ಹೋಗಬೇಕಾಗಿ ಬಂತು. ಅಲ್ಲಿ ಟಿಬೆಟದಿಂದ ಬಂದವರಿಗೆ ಹೊಸದಾಗಿ ಕಾಲೊನಿ ಆಗುತ್ತಿತ್ತು, ಚುಚ್ಚುಮದ್ದು ಹಾಕಲು ಸುತ್ತಲಿನ ನರ್ಸುಗಳನ್ನೆಲ್ಲ ಕರೆಸಿದ್ದರು. “ಹತ್ತು ದಿನ ನಾ ಇರಂಗಿಲ್ಲ. ನೀವು ಅದೀರಿ” ಎಂದು ಹೇಳಿ ಹೋದರು.

ಅವರು ಹೋದ ಮೂರನೆಯ ದಿನಕ್ಕೆ ಧಾರವಾಡದ ಬಸ್ಸಿನಿಂದ ಒಂದು ಡಬ್ಬಿ ತೈಲದ ಸಮೇತ ನನ್ನ ಅಕ್ಕ ಇಳಿದಳು. ಗೌರಕ್ಕನಿಗೆ ಆಗ ಎಪ್ಪತ್ತು ದಾಟಿತ್ತು. ತಾಯಿ ಇಲ್ಲದ ನನ್ನನ್ನು ಸಾಕಿದವಳು. ಅವಳ ಮಾತನ್ನು ನಾನು ಎಂದೂ ಮೀರಿದವನಲ್ಲ. ಮೀರಬಹುದು ಎಂಬುದೇ ನನಗೆ ಗೊತ್ತಿರಲಿಲ್ಲ. ಎರಡು ತಾಸಿಗೊಮ್ಮೆ ಗಡಿಯಾರದ ಅಲಾರಂ ಹೊಡೆಯುವುದು, ನಾನು ಚಾದರ ಹಿಡಿದು ಹೈಸ್ಸಾ ಎನ್ನುವುದು, ಇದನ್ನೆಲ್ಲ ಒಂದು ದಿನ ನೋಡಿ ಅವಳ ಕಣ್ಣಲ್ಲಿ ನೀರು ಬಂತು.

“ಕೂಸಿನಂಗ ಮಲಗಿದಾಕಿನ್ನ ಗಳಿಗಿಗೊಮ್ಮೆ ಎಬ್ಬಸ್ತೀಯೇನೋ? ಎದಿಯಾಗ ಕರುಣಾ ಅನ್ನೂದು ಐತೋ ಇಲ್ಲೋ ನಿನಗ? ಎಣ್ಣಿ ಹಚ್ಚತೇನಿ, ಬೆಚ್ಚಗ ಮಲಗಲಿ.”

ಗಡಿಯಾರ ಟ್ರಂಕಿನೊಳಗೆ ಹೋಯಿತು. ನಿಜ ಹೇಳುತ್ತೇನೆ, ನನಗೆ ದುಃಖವಾಗಲಿಲ್ಲ. ಒಂದು ತಿಂಗಳ ನಂತರ ನಾನು ರಾತ್ರಿಯೆಲ್ಲ ಒಂದೇ ಸಮನೆ ಮಲಗಿದೆ. ಹಿರಿಯರ ಮಾತು ಮೀರಬಾರದು ಎಂಬ ತತ್ವ ಅಷ್ಟು ಒಳ್ಳೆಯ ನಿದ್ದೆ ತರುತ್ತದೆ ಎಂದು ನನಗೆ ತಿಳಿದಿರಲಿಲ್ಲ. ನೀಲವ್ವ ಎರಡು ಸಲ “ಬೆನ್ನು ಉರೀತೈತ್ರಿ” ಎಂದಳು. ಅಕ್ಕ ಇನ್ನಷ್ಟು ಎಣ್ಣೆ ಹಚ್ಚಿದಳು. ನಾನು ಹಗಲಲ್ಲಿ ಪೇಪರು ಓದಿದೆ.

ಅಕ್ಕ ಬಂದ ಏಳನೆಯ ದಿನ ನರ್ಸಬಾಯಿ ವಾಪಸು ಬಂದರು. ಮುಂಡಗೋಡಿನ ಧೂಳು ಇನ್ನೂ ಸೀರೆಯ ಅಂಚಿನಲ್ಲಿತ್ತು. ಯಾರನ್ನೂ ಏನೂ ಕೇಳಲಿಲ್ಲ. ಚಾದರ ಹಿಡಿದು ತಾವೇ ನೀಲವ್ವನನ್ನು ಹೊರಳಿಸಿ ಬೆನ್ನ ಮೇಲಿನ ಬಟ್ಟೆ ಸರಿಸಿದರು. ಸೊಂಟದ ಕೆಳಗೆ, ಬೆನ್ನೆಲುಬು ಮುಗಿಯುವಲ್ಲಿ, ವೀಳ್ಯದೆಲೆಯಷ್ಟು ಅಗಲ ಕಡುಗೆಂಪು ಆಗಿತ್ತು. ಇನ್ನು ಅಕ್ಕನಿಗೂ ಇವರಿಗೂ ಯುದ್ಧ ಎಂದು ನಾನು ಬಾಗಿಲ ಕಡೆ ಎರಡು ಹೆಜ್ಜೆ ಸರಿದೆ.

“ಅಕ್ಕಾರ, ಈ ಕಡೆ ಬರ್ರಿ. ನಿಮ್ಮ ಬೆರಳಿಲೆ ಇಲ್ಲೆ ಒತ್ತಿ ನೋಡ್ರಿ” ಎಂದರು ನರ್ಸಬಾಯಿ, ಮೆಲ್ಲಗೆ.

ಗೌರಕ್ಕ ಒತ್ತಿದಳು. “ಕೆಂಪು ಹೋಗವಲ್ದಲ್ಲ?”

“ಹೋಗಂಗಿಲ್ರಿ. ಒಂದ ಕಡೆ ಭಾರ ಬಿದ್ದು ಬಿದ್ದು ಒಳಗ ಮಾಂಸ ಸಾಯಾಕ ಹತ್ತೈತಿ. ಇದು ಒಡೀತಂದ್ರ ಎಲುವಿನ ತನಕ ಹೋಗತೈತಿ. ಲಕ್ವಾದಿಂದ ಉಳದವರು ಇದರಿಂದ ಸತ್ತಿದ್ದು ನಾ ನೋಡೇನಿ.”

ಅಕ್ಕ ಅಲ್ಲೇ ನೆಲದ ಮೇಲೆ ಕೂತಳು. “ನಾ ಒಳ್ಳೇದಕ್ಕಂತ ಮಾಡಿದೆ, ನನ್ನವ್ವ.”

“ಅದು ನನಗ ಗೊತ್ತೈತ್ರಿ. ಈ ಮನ್ಯಾಗ ಒಬ್ಬರು ಗಟ್ಟಿ ಹಿರಿಯರು ಬೇಕಾಗಿತ್ತು, ನೀವು ಬಂದ್ರಿ. ಇವತ್ತಿಂದ ಗಡಿಯಾರ ನಿಮ್ಮ ಕೈಯಾಗ. ಕಾಕಾ ಮಲಗಿದ್ರ ಎಬ್ಬಸ್ರಿ.”

ಆಮೇಲೆ ಅವರು ನನ್ನನ್ನು ಹೊರಗಿನ ಕಟ್ಟೆಗೆ ಕರೆದರು. ಅಲ್ಲಿ ದನಿ ಬೇರೆಯಾಯಿತು. “ಅಕ್ಕಾರಿಗೆ ಗೊತ್ತಿರಲಿಲ್ಲ. ನಿಮಗ ಗೊತ್ತಿತ್ತು.”

“ಅಕ್ಕನ ಮಾತು ಹೆಂಗ ಮೀರಲಿ ನರ್ಸಬಾಯಿ?” ಎಂದೆ.

“ಹಾಸಗಿ ಮ್ಯಾಲ ಇದ್ದವರು ಯಾರ್ರಿ? ಅಕ್ಕಾರೋ, ಕಾಕುನೋ?”

ಇಷ್ಟೇ ಹೇಳಿ ಹೋದರು. ಬೈದಿದ್ದರೇ ವಾಸಿಯಿತ್ತು. ಒಳಗೆ ಬಂದು ಮಂಚದ ಪಕ್ಕ ಕೂತೆ. ನೀಲವ್ವನ ಮುಖ ನೋಡಲಾಗಲಿಲ್ಲ, ಅವಳ ಸತ್ತ ಎಡಗೈ ಹಿಡಿದುಕೊಂಡೆ. “ಆ ಕೈಗೆ ಗೊತ್ತಾಗಂಗಿಲ್ಲ, ಈ ಕೈ ಹಿಡೀರಿ” ಎಂದು ಅವಳು ಬಲಗೈ ಚಾಚಿದಳು. ನನ್ನ ಆಯುಷ್ಯದಲ್ಲಿ ನಾನು ಏನಾದರೂ ನಿರ್ಧಾರವೆಂದು ಮಾಡಿದ್ದರೆ ಆ ಗಳಿಗೆಯಲ್ಲಿ. ಇವಳು ಎದ್ದು ನಡೆಯುವ ತನಕ ನಾನು ಪೇಪರು ಮುಟ್ಟುವುದಿಲ್ಲ ಎಂದುಕೊಂಡೆ. ಮುಟ್ಟಲಿಲ್ಲ ಕೂಡ. ಆ ಅವಧಿಯಲ್ಲಿ ದೇಶದಲ್ಲಿ ಏನೇನಾಯಿತೋ ನನಗೆ ಇವತ್ತಿಗೂ ಸರಿಯಾಗಿ ತಿಳಿಯದು.

ಗೌರಕ್ಕ ಗಡಿಯಾರದ ಅಧಿಕಾರ ವಹಿಸಿಕೊಂಡ ಮೇಲೆ ನರ್ಸಬಾಯಿಯೇ ಎಷ್ಟೋ ವಾಸಿ ಎನ್ನಿಸಿತು. ಅವಳಿಗೆ ಅಲಾರಂ ಮೇಲೆ ನಂಬಿಕೆ ಇರಲಿಲ್ಲ. ಐದು ಮಿನಿಟು ಮೊದಲೇ ಹಿತ್ತಾಳೆಯ ತಂಬಿಗೆಗೆ ಚಮಚೆಯಿಂದ ಬಾರಿಸುತ್ತಿದ್ದಳು. ಕಾಗದದ ಗಿರಣಿಯ ಭೋಂಗಾ ಕೇಳಿ ಏಳುತ್ತಿದ್ದ ಓಣಿಯ ಜನ ಈಗ ನಮ್ಮ ತಂಬಿಗೆ ಕೇಳಿ ಏಳತೊಡಗಿದರು. ಬೆನ್ನಿನ ಕೆಂಪನ್ನು ಅಕ್ಕ ದಿನಕ್ಕೆ ಮೂರು ಸಲ ಬೆರಳಿನಿಂದ ಒತ್ತಿ ನೋಡುತ್ತಿದ್ದಳು. ಚರ್ಮ ಒಡೆಯಲಿಲ್ಲ. ಮೂರು ವಾರದ ಹೊತ್ತಿಗೆ ಆ ಎಲೆ ಮಾಸಿ, ಕುಗ್ಗಿ, ಹೋಯಿತು.

ಆದರೆ ನೀಲವ್ವನ ಮನಸ್ಸು ಕುಗ್ಗಿತ್ತು. ಕಾಲು ಎತ್ತಿಸುವಾಗ ನೋವು, ಹಲ್ಲು ಕಚ್ಚಿದರೂ ಕಾಲು ಒಂದು ಗೇಣು ಮೇಲೇಳದು. ಒಂದು ಗುರುವಾರ ನರ್ಸಬಾಯಿ ಕಾಲಿಗೆ ಕೈ ಹಚ್ಚುತ್ತಲೂ ಅವಳು ಅತ್ತುಬಿಟ್ಟಳು. “ಸಾಕು ಬಿಡ್ರಿ. ಎಲ್ಲಾರಿಗೂ ತ್ರಾಸ. ನಾ ಎದ್ದು ಮಾಡೂದರ ಏನೈತಿ?” ಎಂದಳು. ನಾನು ಸಮಾಧಾನ ಹೇಳಲು ಬಾಯಿ ತೆರೆದೆ. ನರ್ಸಬಾಯಿ ಕೈ ಎತ್ತಿ ನನ್ನನ್ನು ತಡೆದು, ಮಂಚದ ಮೇಲೆ ಕೂತರು. ಯಾವತ್ತೂ ಕೂತವರಲ್ಲ.

“ಏನೈತಿ ಅಂತ ನೀವು ಹೇಳ್ರಿ ಕಾಕು. ನಡದಾಡಾಕ ಬಂದ್ರ ಮೊದಲು ಏನು ಮಾಡ್ತೀರಿ?”

ದೇವರ ಗುಡಿಗೆ ಹೋಗುತ್ತೇನೆ ಎನ್ನುತ್ತಾಳೆ, ಇಲ್ಲವೇ ಮಗಳ ಕೂಸನ್ನು ನೋಡಲು ಗದುಗಿಗೆ ಎನ್ನುತ್ತಾಳೆ ಎಂದು ನಾನು ಕಾದೆ. ಅವಳು ಗೋಡೆ ನೋಡುತ್ತ ಹೇಳಿದಳು: “ಹಿತ್ತಲದಾಗಿನ ಪಾಯಖಾನಿಗೆ ನಾನ ಹೋಗಬೇಕ್ರಿ. ಒಬ್ಬಾಕಿನ. ಒಳಗಿಂದ ಚಿಲಕ ಹಾಕ್ಕೊಂಡು.”

ನರ್ಸಬಾಯಿ ಎದ್ದರು. ಮಂಚದಿಂದ ಶುರುಮಾಡಿ, ಅಡಿಗೆಮನೆ ದಾಟಿ, ಹಿತ್ತಲ ಬಾಗಿಲು ದಾಟಿ, ಪಾಯಖಾನೆಯ ತನಕ ಎಣಿಸುತ್ತ ನಡೆದು ಹೋಗಿ, ಎಣಿಸುತ್ತಲೇ ವಾಪಸು ಬಂದರು. “ಇಪ್ಪತ್ತಾರು ಹೆಜ್ಜಿ. ನಿಮ್ಮ ಕಾಲಿಲೆ ನಲವತ್ತು ಅಂತ ತಿಳೀರಿ. ನಲವತ್ತು ಹೆಜ್ಜಿ ಅಷ್ಟ, ಕಾಕು. ಅದರಾಚೆ ಒಂದೂ ನಾ ಕೇಳಂಗಿಲ್ಲ” ಎಂದರು. ನೀಲವ್ವ ಕಣ್ಣೊರೆಸಿಕೊಂಡು ಕಾಲು ಮುಂದೆ ಕೊಟ್ಟಳು.

ಆಗಲೇ ಮೆಹಬೂಬಸಾಬರಿಗೆ ಬುಲಾವು ಹೋಯಿತು. ನರ್ಸಬಾಯಿ ಸೀಮೆಸುಣ್ಣದಿಂದ ನೆಲದ ಮೇಲೆ ಗೆರೆ ಎಳೆದು, ಎರಡೂ ಕಡೆ ಕೈಯಾಸರೆಗೆ ಬಿದಿರಿನ ಕಟಕಟೆ ಬೇಕು, ಸೊಂಟದೆತ್ತರ, ಅಲುಗಾಡಬಾರದು ಎಂದು ಅಪ್ಪಣೆ ಕೊಟ್ಟರು. ಮೆಹಬೂಬಸಾಬರು, “ನಿಮ್ಮ ಕಟಕಟಿ ಮ್ಯಾಲ ಲಾರಿ ನಿಂದರಸ್ತೇನಿ ಬಾಯೀ, ಹಂಗ ಮಾಡಿಕೊಡ್ತೇನಿ” ಎಂದು ಭಾನುವಾರವಿಡೀ ಬಡಿದು ನಿಲ್ಲಿಸಿದರು. ಮೊದಲ ದಿನ ನೀಲವ್ವ ನಿಂತದ್ದು ಮೂರು ಉಸಿರು. ಆ ವಾರ ಎರಡು ಹೆಜ್ಜೆ. ನಾನು ಹಿಂದೆ ಸೊಂಟದ ಪಟ್ಟಿ ಹಿಡಿದು, ಅಕ್ಕ ಮುಂದೆ ಕುರ್ಚಿ ಹಿಡಿದು, ಅಮ್ಮೀಜಾನ್ ತಮ್ಮ ಬಾಗಿಲಿನಿಂದಲೇ “ಶಾಬಾಶ್ ನೀಲವ್ವ!” ಎಂದು ಕೂಗುತ್ತ, ಹನ್ನೊಂದಕ್ಕೆ ಬಂದೆವು. ಹನ್ನೊಂದರಲ್ಲಿ ಎರಡು ವಾರ ನಿಂತೆವು. ಒಮ್ಮೆ ಬಿದ್ದಳು, ನನ್ನ ಮೇಲೆಯೇ ಬಿದ್ದದ್ದರಿಂದ ಅವಳಿಗೇನೂ ಆಗಲಿಲ್ಲ. ಬಿದ್ದ ಮರುದಿನ ನರ್ಸಬಾಯಿ ಕೇಳಿದ್ದು ಒಂದೇ: “ಇವತ್ತು ಎಷ್ಟು?”

ಲಕ್ವಾ ಹೊಡೆದ ಐದನೆಯ ತಿಂಗಳಲ್ಲಿ, ಒಂದು ಮಧ್ಯಾಹ್ನ, ಬಲಗೈಯಲ್ಲಿ ಕೋಲು ಹಿಡಿದು, ಎಡಗಾಲನ್ನು ಅರ್ಧ ಎಳೆಯುತ್ತ, ನೀಲವ್ವ ಮಂಚದಿಂದ ಹೊರಟಳು. ನಾನು ಕೈ ಹಚ್ಚದೆ ಹಿಂದೆ ಹಿಂದೆ ಹೋದೆ. ಹಿತ್ತಲ ಬಾಗಿಲಲ್ಲಿ ನಿಂತು ದಮ್ಮು ತಿಂದಳು. ನಾನು ಎಣಿಸುವುದನ್ನು ಮರೆತೆ. ಅವಳು ಪಾಯಖಾನೆಯ ಒಳಗೆ ಹೋದಳು, ಬಾಗಿಲು ಎಳೆದುಕೊಂಡಳು, ಆಮೇಲೆ ಚಿಲಕ ಬಿದ್ದ ಸಪ್ಪಳ ಕೇಳಿಸಿತು. ಅರವತ್ತು ದಾಟಿದ ಗಂಡಸು ಪಾಯಖಾನೆಯ ಬಾಗಿಲೆದುರು ನಿಂತು ಅಳುವುದು ಶೋಭಿಸುವ ಮಾತಲ್ಲ, ಆದರೂ ಅತ್ತೆ. ಒಳಗಿನಿಂದ ನೀಲವ್ವನ ದನಿ ಬಂತು: “ಅಲ್ಲೇ ನಿಂತೀರೇನು? ಆಚೀಗೆ ಹೋಗ್ರಿ, ನಾಚಿಕಿ ಆಗತೈತಿ.”

ಕಥೆ ಇಲ್ಲಿಗೆ ಮುಗಿದಿದ್ದರೆ ನನ್ನ ಮಾನ ಉಳಿಯುತ್ತಿತ್ತು. ಅಕ್ಕ ಧಾರವಾಡಕ್ಕೆ ಹೋದಳು. ಎಡಗೈ ಪೂರ್ತಿ ಬರಲಿಲ್ಲವಾದರೂ ನೀಲವ್ವ ಮನೆಯೆಲ್ಲ ಓಡಾಡತೊಡಗಿದಳು. ಆದರೆ ಕೋಲು ಬಿಡಲೊಲ್ಲಳು. ಬಿಡಬಹುದು, ಕಾಲಿಗೆ ಬಲ ಬಂದಿದೆ ಎಂದು ನರ್ಸಬಾಯಿ ಎಷ್ಟು ಹೇಳಿದರೂ, “ಅದೊಂದು ಬಿಟ್ಟು ಬ್ಯಾರೆ ಏನರೆ ಹೇಳ್ರಿ” ಎನ್ನುತ್ತಿದ್ದಳು. ಹೀಗಿರುವಾಗ ಒಂದು ಸೋಮವಾರ ನರ್ಸಬಾಯಿ ಬಂದವರು ನೀಲವ್ವನನ್ನು ಬಿಟ್ಟು ನನ್ನ ಪಾದಗಳನ್ನು ನೋಡತೊಡಗಿದರು. ಬಗ್ಗಿ ಹೆಬ್ಬೆರಳಿನಿಂದ ಒತ್ತಿದರು. ಗುಳಿ ಬಿತ್ತು.

“ದವಾಖಾನಿಗೆ ನಡೀರಿ ಕಾಕಾರ.”

“ನಾ ರೋಗಿ ಅಲ್ರಿ, ನಾ ನರ್ಸು” ಎಂದೆ. ಕೇಳಲಿಲ್ಲ. ಡಾಕ್ಟರು ತೋಳಿಗೆ ಪಟ್ಟಿ ಸುತ್ತಿ, ಗಾಳಿ ಹಾಕಿ, ರಕ್ತದ ಒತ್ತಡ ಬಹಳ ಏರಿದೆ ಎಂದರು. ಗುಳಿಗೆ ಕೊಟ್ಟರು. ಉಪ್ಪು ಬಂದ್, ಹಪ್ಪಳ ಬಂದ್, ಉಪ್ಪಿನಕಾಯಿಯ ಹೆಸರೂ ಎತ್ತಬಾರದು. ಮನೆಗೆ ಬಂದು ನರ್ಸಬಾಯಿ ಇದೆಲ್ಲವನ್ನೂ ನೀಲವ್ವನಿಗೆ ಒಪ್ಪಿಸಿದರು. “ಇನ್ನ ಇವರು ನಿಮ್ಮ ಪೇಶಂಟು” ಎಂದರು. ನೀಲವ್ವನ ಮುಖದಲ್ಲಿ ಆಗ ಮೂಡಿದ ಕಳೆ! ಐದು ತಿಂಗಳು ಚಾದರದ ಮೇಲೆ ಹೊರಳಿದವಳು ಒಂದೇ ಗಳಿಗೆಯಲ್ಲಿ ಚಾದರ ಹಿಡಿಯುವವಳಾದಳು.

ಉಪ್ಪಿಲ್ಲದ ಪಲ್ಯ, ಉಪ್ಪಿಲ್ಲದ ಸಾರು, ಉಪ್ಪಿಲ್ಲದ ಮಜ್ಜಿಗೆಯಲ್ಲಿ ನಾನು ಒಂಬತ್ತು ದಿನ ಕಳೆದೆ. ಹತ್ತನೆಯ ದಿನ ಮಧ್ಯಾಹ್ನ ನೀಲವ್ವನಿಗೆ ಕಣ್ಣು ಹತ್ತಿದ್ದನ್ನು ನೋಡಿಕೊಂಡು, ಮೆಲ್ಲಗೆ ಚಪ್ಪಲಿ ಕೈಯಲ್ಲಿ ಹಿಡಿದು ಓಣಿ ದಾಟಿದೆ. ಅಮ್ಮೀಜಾನರ ಮನೆಯ ಕಟ್ಟೆಯ ಮೇಲೆ ಮಾವಿನಕಾಯಿ ಉಪ್ಪಿನಕಾಯಿಯ ಭರಣಿಯನ್ನು ಬಿಸಿಲಿಗೆ ಇಟ್ಟಿದ್ದರು. ಅರಿವೆ ಬಿಚ್ಚಿ ಒಂದು ಹೋಳು ಎತ್ತಿದೆ. ನಾಲಿಗೆಗೆ ತಾಗಿಸಿದೆನೋ ಇಲ್ಲವೋ, ಹಿಂದಿನಿಂದ, “ಇಡ್ರಿ ಕೆಳಗ ಅದನ್ನ!” ಎಂಬ ದನಿ ಬಂತು.

ತಿರುಗಿ ನೋಡಿದೆ. ಓಣಿಯ ನಟ್ಟನಡುವೆ ನೀಲವ್ವ ನಿಂತಿದ್ದಳು. ಸೆರಗು ಜಾರಿತ್ತು, ಕಣ್ಣು ಕೆಂಪಾಗಿತ್ತು, ಬಲಗೈ ನನ್ನ ಕಡೆ ಚಾಚಿತ್ತು. ಆ ಕೈಯಲ್ಲಿ ಏನೂ ಇರಲಿಲ್ಲ. ಕೋಲು ಮನೆಯಲ್ಲಿ ಮಂಚಕ್ಕೆ ಒರಗಿ ನಿಂತಿತ್ತು. ಅಮ್ಮೀಜಾನ್ ಪರದೆ ಸರಿಸಿ, “ಯಾ ಅಲ್ಲಾ, ನೋಡ್ರಿ, ನೋಡ್ರಿ!” ಎಂದರು. ನೀಲವ್ವ ತನ್ನ ಕೈ ನೋಡಿಕೊಂಡಳು, ಕಾಲು ನೋಡಿಕೊಂಡಳು, ಆಮೇಲೆ ನಮ್ಮ ಮನೆಯ ಬಾಗಿಲು ಎಷ್ಟು ದೂರವಿದೆ ಎಂದು ತಿರುಗಿ ನೋಡಿದಳು. ನಾನು ಓಡಿ ಹಿಡಿಯಬೇಕೆಂದುಕೊಂಡೆ. ಬೇಕಾಗಲಿಲ್ಲ. ಅವಳು ಹಾಗೆಯೇ ನಡೆದು ನನ್ನ ತನಕ ಬಂದು ಹೋಳು ಕಸಿದುಕೊಂಡಳು.

ಗುರುವಾರ ನರ್ಸಬಾಯಿ ಬಂದಾಗ ನಾನೇ ಮುಂದಾಗಿ ಸುದ್ದಿ ಹೇಳಿದೆ: ನನ್ನ ಹೆಂಡತಿ ಕೋಲಿಲ್ಲದೆ ಓಣಿ ದಾಟಿದಳು, ಅದಕ್ಕೆ ಕಾರಣ ನಾನು ಎತ್ತಿದ ಉಪ್ಪಿನಕಾಯಿಯ ಹೋಳು, ಇಲ್ಲದಿದ್ದರೆ ಅವಳು ಈ ಜನ್ಮದಲ್ಲಿ ಕೋಲು ಬಿಡುತ್ತಿರಲಿಲ್ಲ, ಇದೂ ಒಂದು ತರಹದ ಶುಶ್ರೂಷೆಯೇ ಅಲ್ಲವೇ ಎಂದು. ಅವರು ನೀಲವ್ವನನ್ನು ಎರಡು ಸಲ ನಡೆಸಿ ನೋಡಿದರು. “ಬರೋಬ್ಬರಿ” ಎಂದು ಅವಳ ಬೆನ್ನು ತಟ್ಟಿದರು. ಆಮೇಲೆ ನನ್ನ ಕಡೆ ತಿರುಗಿ, 

“ಹೋಳು ಎಷ್ಟು ತಿಂದ್ರಿ?” ಎಂದರು.

“ಬರೇ ನೆಕ್ಕಿದೆರಿ” ಎಂದೆ.

“ಎರಡು ಸಲ ನೆಕ್ಕ್ಯಾರ್ರಿ” ಎಂದಳು ನೀಲವ್ವ.